ದೇವರ ಫೋಟೋ ಎದುರಿನ ಗೋಡೆಗೆ

ಮರಿಯಮ್ಮನಹಳ್ಳಿ
ಭಾನುವಾರ ರಾತ್ರಿ

ಚಿರಂಜೀವಿ ಅಳಿಯನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ನಿನ್ನ ಅತ್ತೆಯ ಮೊಣಕಾಲು ನೋವು ಸ್ವಲ್ಪ ಇಳಿದಿದೆ, ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಅಂಗಡಿ ಪೂಜೆಯ ದಿನ ಕಂಪ್ಲಿಯಲ್ಲಿ ನಿನ್ನ ಬೋರ್ಡು ನೋಡಿ ನನಗೆ ಮಾತೇ ಹೊರಡಲಿಲ್ಲ. ನಿನ್ನ ತಾಯಿ, ನನ್ನ ಅಕ್ಕ, ಭತ್ತದ ಗದ್ದೆಯಲ್ಲಿ ನಾಟಿ ಹಚ್ಚಿ ನಿನ್ನನ್ನು ಐಟಿಐ ಓದಿಸಿದ್ದನ್ನು ಕಣ್ಣಾರೆ ಕಂಡವನು ನಾನು. ಆದರೆ ಅವತ್ತು ಇನ್ನೊಂದು ಮಾತೂ ಗಂಟಲಲ್ಲೇ ಉಳಿಯಿತು. ಶುಭದ ದಿನ, ನಾಲ್ಕು ಜನ ಕೂಡಿದ್ದಾರೆ, ಈಗ ಬೇಡ ಎಂದು ನುಂಗಿಕೊಂಡೆ. ಮನೆಗೆ ಬಂದ ಮೇಲೆ ಮೂರು ರಾತ್ರಿ ನಿದ್ದೆ ಸರಿಯಾಗಿ ಹತ್ತಲಿಲ್ಲ. ಫೋನಿನಲ್ಲಿ ಹೇಳಿದರೆ ನೀನು ‘ಹೂಂ ಮಾವ’ ಅಂದು ಗಿರಾಕಿ ಕಡೆ ತಿರುಗುತ್ತೀಯ. ಅದಕ್ಕೇ ಕಾಗದ ಹಿಡಿದು ಕೂತೆ.

ಚಾರ್ಜಿಂಗ್ ಬೆಂಚನ್ನು ನೀನು ಒಳಗಿನ ಕೋಣೆಯಲ್ಲಿ ಹಾಕಿಸಿದ್ದೀಯ. ಕೋಣೆಗೆ ಒಂದೇ ಬಾಗಿಲು, ಇರುವ ಕಿಟಕಿಗೆ ಕಳ್ಳರ ಭಯಕ್ಕೆ ತಗಡು ಹೊಡೆಸಿದ್ದೀಯ. ಬೆಂಚಿನ ಮೇಲಿನ ಗೋಡೆಗೆ ದೇವರ ಫೋಟೋ, ಅದರ ಮುಂದಿನ ಹಲಗೆಯ ಮೇಲೆ ದೀಪ, ಊದುಬತ್ತಿ. ಅವತ್ತು ಅಯ್ಯನವರು ಅಲ್ಲೇ ಕರ್ಪೂರ ಹಚ್ಚಿದರು. ಕೆಳಗೆ ಟ್ರ್ಯಾಕ್ಟರಿನ ಎರಡು ಬ್ಯಾಟರಿ ಚಾರ್ಜಿಗೆ ಕೂತು ಬುಳುಬುಳು ಅನ್ನುತ್ತಿದ್ದವು. ನನ್ನ ಕೈಯಲ್ಲಿದ್ದ ಪ್ರಸಾದ ನಡುಗಿತು.

ಆ ಬುಳುಬುಳು ಏನೆಂದು ನಿನಗೆ ಪುಸ್ತಕದಲ್ಲಿ ಹೇಳಿಕೊಟ್ಟಿದ್ದಾರೆ, ನಾನು ಹೊಸದಾಗಿ ಹೇಳುವುದಿಲ್ಲ. ಬ್ಯಾಟರಿ ತುಂಬುತ್ತ ಬಂದಂತೆ ಕರೆಂಟು ನೀರನ್ನೇ ಒಡೆಯುತ್ತದೆ, ಹೈಡ್ರೋಜನ್ನೂ ಆಕ್ಸಿಜನ್ನೂ ಎದ್ದು ಬರುತ್ತವೆ. ಹೈಡ್ರೋಜನ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮೂಗಿಗೆ ಚುರ್ ಅನ್ನುವುದು ಆಸಿಡ್ಡಿನ ಹನಿ, ಗ್ಯಾಸ್ ಅಲ್ಲ. ಹಾಗಾಗಿ ‘ವಾಸನೆ ಇಲ್ಲ, ಗ್ಯಾಸೂ ಇಲ್ಲ’ ಅಂದುಕೊಳ್ಳಬೇಡ. ಗಾಳಿಯಲ್ಲಿ ನೂರಕ್ಕೆ 4 ಪಾಲು ಸೇರಿದರೆ ಹೊತ್ತಿಕೊಳ್ಳುತ್ತದೆ, 75 ಪಾಲಿನವರೆಗೂ ಹೊತ್ತಿಕೊಳ್ಳುತ್ತದೆ. ಎಲ್ಲ ಗ್ಯಾಸಿಗಿಂತ ಹಗುರ, ನೆಟ್ಟಗೆ ಮೇಲಕ್ಕೇ ಏರುತ್ತದೆ. ಮೇಲೆ ನೀನು ದೀಪ ಇಟ್ಟಿದ್ದೀಯ.

ದೇವರು ಬೇಡ ಅಂತ ನಾನು ಹೇಳುತ್ತಿಲ್ಲಪ್ಪ. ನನ್ನ ಅಂಗಡಿಯಲ್ಲೂ ಬೆಳಗ್ಗೆ ದೀಪ ಹಚ್ಚದೆ ಪಾನಾ ಮುಟ್ಟುವುದಿಲ್ಲ. ಆದರೆ ನನ್ನ ದೇವರು ಬಾಗಿಲ ಹತ್ತಿರ, ರಸ್ತೆ ಕಡೆಗಿದ್ದಾನೆ. ಚಾರ್ಜರು ಹಿಂದೆ, ಚಪ್ಪರದ ಕೆಳಗೆ, ಮೂರು ಕಡೆ ಬಯಲು.

ನನ್ನ ಎಡಗಣ್ಣಿನ ಕಥೆ ನಿನಗೆ ಅರ್ಧ ಗೊತ್ತು. ‘ಮಾವನಿಗೆ ಆಸಿಡ್ ಸಿಡಿದಿತ್ತು’ ಅಂತ ಅಕ್ಕ ಹೇಳಿರುತ್ತಾಳೆ. ಪೂರ್ತಿ ಹೇಳಿದವನಲ್ಲ ನಾನು, ಈಗ ಹೇಳುತ್ತೇನೆ. 2008ರ ಬೇಸಿಗೆ. ಆಗ ನಮ್ಮ ರಸ್ತೆಗೆ ರಾಷ್ಟ್ರೀಯ ಹೆದ್ದಾರಿ 13 ಅಂತಿತ್ತು, ಈಗ 50 ಆಗಿದೆ. ಸಂಡೂರು, ಹೊಸಪೇಟೆ ಕಡೆಯಿಂದ ಅದಿರಿನ ಲಾರಿಗಳು ಹಗಲು ರಾತ್ರಿ ಹೋಗುತ್ತಿದ್ದವು. ಬೇವಿನ ಎಲೆಯೂ ಕೆಂಪು, ಒಣಹಾಕಿದ ಬಟ್ಟೆಯೂ ಕೆಂಪು. ಬ್ಯಾಟರಿಯ ಬಿರಡೆಯಲ್ಲಿರುವ ಸಣ್ಣ ತೂತಿನಲ್ಲಿ ಆ ಧೂಳು ಗಾರೆಯಂತೆ ಕೂತು, ಗ್ಯಾಸು ಹೊರಗೆ ಹೋಗಲು ದಾರಿಯೇ ಇರುತ್ತಿರಲಿಲ್ಲ. ಒಬ್ಬ ಡ್ರೈವರ್ ರಾತ್ರಿ ಬ್ಯಾಟರಿ ಇಳಿಸಿ ಕ್ಯಾಬಿನ್ನಿನಲ್ಲಿ ಮಲಗಿದ್ದ. ಬೆಳಗಿನ ಜಾವ ನಾಲ್ಕಕ್ಕೆ ಬಂದು ಬಾಗಿಲು ಬಡಿದ. ‘ಲಗೂನ ಕೊಡ್ರಿ ಮೇಸ್ತ್ರಿ, ಪಾಳಿ ತಪ್ಪತದ’ ಅಂದ. ನಾನು ನಿದ್ದೆಗಣ್ಣಲ್ಲಿ ಎದ್ದವನು ಚಾರ್ಜರಿನ ಸ್ವಿಚ್ಚು ಆರಿಸದೆ ನೇರವಾಗಿ ಕ್ಲಿಪ್ ಎಳೆದೆ. ಚಿಟ್ ಅಂತ ಒಂದು ಕಿಡಿ. ಆಮೇಲೆ ಪಟಾಕಿಯ ಸದ್ದಲ್ಲ, ತೆಂಗಿನಕಾಯಿ ಕಲ್ಲಿಗೆ ಹೊಡೆದ ಹಾಗೆ ಒಂದೇ ಸದ್ದು. ಮೇಲಿನ ಪ್ಲಾಸ್ಟಿಕ್ ಮುಚ್ಚಳ ಚೂರಾಗಿ ಹಾರಿತು, ಆಸಿಡ್ ಮುಖಕ್ಕೆ ಬಂತು.

ನಿನ್ನ ಅತ್ತೆ ಓಡಿ ಬಂದು ನನ್ನ ಕೂದಲು ಹಿಡಿದು ತಲೆ ಬಗ್ಗಿಸಿ ನೀರು ಸುರಿಯತೊಡಗಿದಳು. ಆ ಬೇಸಿಗೆಯಲ್ಲಿ ನಲ್ಲಿ ನೀರು ಮೂರು ದಿನಕ್ಕೊಮ್ಮೆ. ಮನೆಯಲ್ಲಿ ತುಂಬಿಟ್ಟಿದ್ದ ಆರು ಕೊಡವನ್ನೂ ಖಾಲಿ ಮಾಡಿದಳು. ಸಾಕು ಬಿಡೇ, ಉರಿ ಕಡಿಮೆಯಾಯಿತು ಅಂದರೂ ಬಿಡಲಿಲ್ಲ. ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಆಮೇಲೆ ಕಣ್ಣಿನ ಡಾಕ್ಟರು ಅದನ್ನೇ ಅಂದರು: ಕನಿಷ್ಠ ಕಾಲು ಗಂಟೆ, ಇಪ್ಪತ್ತು ನಿಮಿಷ, ರೆಪ್ಪೆ ಬಿಡಿಸಿ ಹರಿಯುವ ನೀರಲ್ಲಿ ತೊಳೆಯಬೇಕು, ಆಸ್ಪತ್ರೆಗೆ ಓಡುವುದು ಅದಾದ ಮೇಲೆ. ಬಲಗಣ್ಣು ಉಳಿದದ್ದು ಆ ಆರು ಕೊಡದಿಂದ. ಎಡಗಣ್ಣಿಗೆ ಇವತ್ತಿಗೂ ಮಂಜು ಕವಿದ ಹಾಗೆಯೇ ಕಾಣುತ್ತದೆ. ಆ ಡ್ರೈವರ್ ಮೇಲೆ ನನಗೆ ಸಿಟ್ಟಿಲ್ಲ, ಅವನು ಅವಸರ ಮಾಡಿದ. ‘ಎರಡು ನಿಮಿಷ ನಿಲ್ಲಪ್ಪ’ ಅನ್ನಬೇಕಾದವನು ನಾನು.

ಅದಕ್ಕೇ ಅಳಿಯ, ನಿನ್ನ ಬೆಂಚಿನ ಪಕ್ಕದಲ್ಲಿ ಒಂದು ಡ್ರಮ್ಮು ತುಂಬ ಶುದ್ಧ ನೀರು, ಮೇಲೊಂದು ಚೊಂಬು ಇರಲೇಬೇಕು. ತುಂಗಭದ್ರೆ ಊರ ಮಗ್ಗುಲಲ್ಲೇ ಹರಿಯುತ್ತಾಳೆ, ನಿನಗೆ ನೀರಿನ ಬರ ಅಷ್ಟಿಲ್ಲ. ಒಂದು ಡಬ್ಬಿ ಅಡುಗೆ ಸೋಡಾ ಇಡು. ಅದು ನೆಲಕ್ಕೆ, ಬೆಂಚಿಗೆ ಚೆಲ್ಲಿದ ಆಸಿಡ್ಡಿಗೆ ಮಾತ್ರ. ಕಣ್ಣಿಗೆ ನೀರು ಬಿಟ್ಟು ಬೇರೇನೂ ಹಾಕಬಾರದು, ಹಾಲೂ ಇಲ್ಲ, ಎಣ್ಣೆಯೂ ಇಲ್ಲ.

ಕ್ಲಿಪ್ಪಿನ ವಿಷಯ ಇನ್ನೊಂದು ಸಲ ಹೇಳಿಬಿಡುತ್ತೇನೆ, ಬೇಜಾರಾಗಬೇಡ. ಹಾಕುವಾಗ ಚಾರ್ಜರು ಆರಿರಬೇಕು. ಪ್ಲಸ್, ಆಮೇಲೆ ಮೈನಸ್, ಗಟ್ಟಿ ಕೂತಿದೆಯಾ ಅಲುಗಾಡಿಸಿ ನೋಡು, ಆಮೇಲೆ ಸ್ವಿಚ್ಚು. ತೆಗೆಯುವಾಗ ಮೊದಲು ಸ್ವಿಚ್ಚು. ಆರಿಸಿದ ಮೇಲೂ ಸೆಲ್ಲಿನ ಒಳಗೆ ಗ್ಯಾಸು ಸ್ವಲ್ಪ ಹೊತ್ತು ಇದ್ದೇ ಇರುತ್ತದೆ, ಸ್ವಲ್ಪ ತಡೆ. ಗಾಡಿಯಲ್ಲಿ ಬ್ಯಾಟರಿ ಬಿಚ್ಚುವಾಗ ಅರ್ತ್ ಮೊದಲು, ಕೂಡಿಸುವಾಗ ಅರ್ತ್ ಕೊನೆಗೆ. ಯಾಕೆಂದು ಒಂದು ಸಲ ನೋಡಿದ್ದೇನೆ: ಅರ್ತ್ ಬಿಚ್ಚದೆ ಪ್ಲಸ್ಸಿಗೆ ಪಾನಾ ಹಾಕಿದ ಹುಡುಗನ ಪಾನಾ ಗಾಡಿಯ ಬಾಡಿಗೆ ತಗುಲಿ ಅಲ್ಲೇ ಬೆಸುಗೆ ಹಾಕಿದಂತೆ ಅಂಟಿ ಕೆಂಪಗಾಯಿತು.

ಈಗ ನಿನ್ನ ಕಡಗ. ಅಕ್ಕ ಹುಲಿಗಿಯಲ್ಲಿ ಹುಲಿಗೆಮ್ಮನಿಗೆ ಹರಕೆ ಹೊತ್ತು ನಿನ್ನ ಕೈಗೆ ಹಾಕಿಸಿದ ಬೆಳ್ಳಿ ಕಡಗ. ಅದರ ಬೆಲೆ ನನಗೆ ಗೊತ್ತು. ಆದರೆ ಬೆಳ್ಳಿಯಷ್ಟು ಚೆನ್ನಾಗಿ ಕರೆಂಟು ಹರಿಸುವ ಲೋಹ ಇನ್ನೊಂದಿಲ್ಲ. ಪ್ಲಸ್ಸಿಗೂ ಬಾಡಿಗೂ ನಡುವೆ ಅದು ಸಿಕ್ಕರೆ, ಷಾಕು ಹೊಡೆಯುವುದಿಲ್ಲ, ಹನ್ನೆರಡು ವೋಲ್ಟು ಹೊಡೆಯುವಷ್ಟಿಲ್ಲ. ಆದರೆ ನೂರಾರು ಆಂಪಿಯರ್ ಹರಿದು ಕಡಗ ಕಣ್ಣು ಮಿಟುಕಿಸುವುದರೊಳಗೆ ಕಾದು ಮಾಂಸ ಸುಡುತ್ತದೆ. ಅಂಗಡಿಗೆ ಬಂದ ತಕ್ಷಣ ಬಿಚ್ಚಿ ದೇವರ ಮುಂದಿಡು, ಮನೆಗೆ ಹೋಗುವಾಗ ಹಾಕಿಕೋ. ಅಕ್ಕನಿಗೆ ನಾನು ಹೇಳಿದ್ದೇನೆ, ಅವಳು ಒಪ್ಪಿದ್ದಾಳೆ.

ಅವತ್ತು ನಿನ್ನ ಹತ್ತಿರ ಕೆಲಸಕ್ಕಿರುವ ಹುಡುಗ ಬ್ಯಾಟರಿ ಜೀವಂತವಿದೆಯಾ ಅಂತ ನೋಡಲು ಎರಡು ಟರ್ಮಿನಲ್ಲಿಗೂ ವೈರು ತಾಗಿಸಿ ಕಿಡಿ ಹಾರಿಸಿದ. ನಮ್ಮ ಕಡೆ ಎಲ್ಲರೂ ಹೀಗೆಯೇ ಮಾಡುತ್ತಾರೆ, ನಾನೂ ಕಲಿತದ್ದು ಹೀಗೆಯೇ. ಇದು ಕೆಟ್ಟ ಅಭ್ಯಾಸ, ಇವತ್ತೇ ಬಿಡಿಸು. ಕಿಡಿ ಬಂದರೆ ಬ್ಯಾಟರಿ ಚೆನ್ನಾಗಿದೆ ಅಂತಲೂ ಅಲ್ಲ, ಅರ್ಧ ಸತ್ತದ್ದೂ ಕಿಡಿ ಕೊಡುತ್ತದೆ. ಮೀಟರ್ ಇದೆಯಲ್ಲ, ಅದನ್ನು ನಂಬು. ಆದರೆ ಚಾರ್ಜಿನಿಂದ ಇಳಿಸಿದ ಕೂಡಲೇ ನೋಡಿದರೆ ಮೀಟರೂ ಸುಳ್ಳು ಹೇಳುತ್ತದೆ. ಕೆಲವು ತಾಸು ಬಿಟ್ಟು ನೋಡು, ಅಥವಾ ಗಾಡಿಯಲ್ಲಿದ್ದರೆ ಎರಡು ನಿಮಿಷ ಹೆಡ್‌ಲೈಟ್ ಹಾಕಿ ಆರಿಸಿ ನೋಡು. 12.6ರ ಮೇಲಿದ್ದರೆ ತುಂಬಿದೆ, 12.2 ಅಂದರೆ ಅರ್ಧ, 12ಕ್ಕಿಂತ ಕೆಳಗೆ ಇಳಿದಿದ್ದರೆ ಖಾಲಿಯಾಗುತ್ತ ಬಂದಿದೆ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಅನುಮಾನ ಪಡು. ಬಿರಡೆ ಇರುವ ಬ್ಯಾಟರಿಯಾದರೆ ಹೈಡ್ರೋಮೀಟರ್ ಎಲ್ಲಕ್ಕಿಂತ ಹೆಚ್ಚು ಹೇಳುತ್ತದೆ. ತುಂಬಿದಾಗ 1240ರಿಂದ 1280ರೊಳಗೆ ತೋರಿಸಬೇಕು. ನಮ್ಮಂಥ ಬಿಸಿಲು ಸೀಮೆಗೆ ಕಂಪನಿಯವರು ಕಡಿಮೆ ಕಡೆಗೇ ಇಡುತ್ತಾರೆ. ಆರು ಸೆಲ್ಲಿನಲ್ಲಿ ಐದು ಸರಿಯಾಗಿದ್ದು ಒಂದು 50 ಅಂಕಿ ಕೆಳಗಿದ್ದರೆ ಆ ಸೆಲ್ ಹೋಗಿದೆ. ಅಂಥದ್ದನ್ನು ಮತ್ತೆ ಮತ್ತೆ ಚಾರ್ಜಿಗೆ ಹಾಕಿ ಗಿರಾಕಿಯ ದುಡ್ಡು ತಿನ್ನಬೇಡ.

ಈ ಪಾಠ ನಾನು ಚೆನ್ನಾಗಿ ಕಲಿತದ್ದು 2011ರಲ್ಲಿ. ಆ ವರ್ಷ ಜುಲೈ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆ ನಿಲ್ಲಿಸಿತು. ರಸ್ತೆಯ ಕೆಂಪು ಧೂಳು ಇಳಿಯಿತು, ಲಾರಿಗಳು ಜಾಲಿ ಗಿಡದ ಪಕ್ಕ ಸಾಲಾಗಿ ನಿಂತವು. ನಿಂತ ಗಾಡಿಯ ಬ್ಯಾಟರಿ ತಾನಾಗಿಯೇ ಇಳಿಯುತ್ತದೆ, ಬಿಸಿಲಿದ್ದರೆ ಇನ್ನೂ ಬೇಗ. ಇಳಿದು ಹಾಗೇ ಬಿಟ್ಟರೆ ಪ್ಲೇಟಿನ ಮೇಲೆ ಬಿಳಿ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ. ತಿಂಗಳುಗಟ್ಟಲೆ ನಿಂತ ಮೇಲೆ ಮಾಲೀಕರು ಒಬ್ಬೊಬ್ಬರಾಗಿ ಬ್ಯಾಟರಿ ಹೊತ್ತು ತಂದರು. ಬ್ಯಾಂಕಿನ ಕಂತು ಕಟ್ಟಲಾಗದ ಜನ. ‘ಹೆಂಗರ ಮಾಡಿ ಬದುಕಿಸ್ರಿ’ ಅನ್ನುತ್ತಿದ್ದರು. ಸಣ್ಣ ಕರೆಂಟಿನಲ್ಲಿ ಎರಡೆರಡು ದಿನ ಇಟ್ಟು ನೋಡಿದೆ. ಕೆಲವು ಎದ್ದವು, ಹೆಚ್ಚಿನವು ಏಳಲಿಲ್ಲ. ಏಳದ್ದನ್ನು ಏಳಲ್ಲ ಅಂತಲೇ ಹೇಳಿದೆ, ಚಾರ್ಜಿಂಗ್ ದುಡ್ಡು ಕೇಳಲಿಲ್ಲ. ಅವರಲ್ಲಿ ಕೆಲವರು ಇವತ್ತಿಗೂ ಹೊಸಪೇಟೆ ದಾಟಿ ನನ್ನ ಅಂಗಡಿಗೇ ಬರುತ್ತಾರೆ. ನಿನ್ನ ಕಡೆ ಭತ್ತ ಕೊಯ್ಯುವ ಮಷಿನ್ನುಗಳದ್ದೂ ಇದೇ ಪಾಡು, ಸುಗ್ಗಿ ಮುಗಿದರೆ ಮುಂದಿನ ಸುಗ್ಗಿವರೆಗೆ ಶೆಡ್ಡಿನಲ್ಲಿ. ಅರ್ತ್ ಬಿಚ್ಚಿಡಿ, ತಿಂಗಳಿಗೊಮ್ಮೆ ತಂದು ಚಾರ್ಜ್ ಮಾಡಿಸಿ ಅಂತ ಮಾಲೀಕರಿಗೆ ನೀನೇ ಹೇಳು. ಹೊಸ ಬ್ಯಾಟರಿ ಒಂದು ಕಡಿಮೆ ಮಾರಾಟವಾಗಬಹುದು, ಆಗಲಿ.

ಚಾರ್ಜಿನಲ್ಲಿ ಅವಸರ ಬೇಡ. ಬ್ಯಾಟರಿಯ ಆಂಪಿಯರ್ ಅವರಿನ ಹತ್ತನೇ ಒಂದು ಭಾಗ, 150ರದ್ದಕ್ಕೆ 15 ಆಂಪಿಯರ್, ಅದಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಗಾಳಿಯೇ 40 ಡಿಗ್ರಿ ದಾಟಿರುತ್ತದೆ, ಬ್ಯಾಟರಿ 50 ಮುಟ್ಟಲು ಎಷ್ಟು ಹೊತ್ತು? ಮಗ್ಗುಲಿಗೆ ಕೈಯಿಟ್ಟರೆ ತಡೆಯಲಾಗದಷ್ಟು ಬಿಸಿಯಾದರೆ ನಿಲ್ಲಿಸಿ ತಣ್ಣಗಾಗಲು ಬಿಡು. ರಾತ್ರಿ ತಂಪು ಅಂತ ಚಾರ್ಜಿಗೆ ಹಚ್ಚಿ ಬಾಗಿಲು ಹಾಕಿ ಮನೆಗೆ ಹೋಗಬೇಡ. ನೀರು ಕಡಿಮೆಯಿದ್ದರೆ ಪ್ಲೇಟು ಮುಳುಗುವಷ್ಟು ಮಾತ್ರ ಮೊದಲು ಹಾಕು, ಉಳಿದದ್ದು ಚಾರ್ಜ್ ಆದ ಮೇಲೆ. ಡಿಸ್ಟಿಲ್ಡ್ ವಾಟರೇ ಬೇಕು. ಬೋರಿನ ನೀರು ಕೊಡದ ತಳದಲ್ಲಿ ಬಿಡುವ ಬಿಳಿ ಕರೆ ನೋಡಿದ್ದೀಯಲ್ಲ, ಅದು ಪ್ಲೇಟಿಗೆ ಹೋಗಬಾರದು. ಆಸಿಡ್ ಕಲಸುವ ಕೆಲಸ ಬಂದರೆ ನೀರಿಗೆ ಆಸಿಡ್ಡನ್ನು ನಿಧಾನಕ್ಕೆ ಬಿಡು, ಆಸಿಡ್ಡಿಗೆ ನೀರು ಸುರಿದರೆ ಕುದಿದು ಮುಖಕ್ಕೇ ಚಿಮ್ಮುತ್ತದೆ.

ಬಿರಡೆ ಇಲ್ಲದ ಸೀಲ್ಡ್ ಬ್ಯಾಟರಿಯನ್ನು ತೆರೆಯಲು ಹೋಗಬೇಡ. ಹಂಪಿಯಲ್ಲಿ ವಿಜಯ ವಿಠ್ಠಲ ದೇವಸ್ಥಾನಕ್ಕೆ ಹೆಣ್ಣುಮಕ್ಕಳು ಓಡಿಸುವ ಬ್ಯಾಟರಿ ಗಾಡಿ ನೋಡಿದ್ದೀಯ. ಅಂಥ ಗಾಡಿ, ಬ್ಯಾಟರಿ ಸ್ಕೂಟರು ಮುಂದೆ ನಿನ್ನ ಬಾಗಿಲಿಗೂ ಬರುತ್ತವೆ. ಲಿಥಿಯಂ ಇದ್ದರೆ ಅದನ್ನು ನಮ್ಮ ಸೀಸದ ಬ್ಯಾಟರಿಯ ಚಾರ್ಜರಿಗೆ ಎಂದೂ ಹಚ್ಚಬೇಡ. ಅದರ ಚಾರ್ಜರೇ ಬೇರೆ, ಅದಕ್ಕೆ ಹತ್ತುವ ಬೆಂಕಿಯೂ ಬೇರೆ. ಬರುವುದಿಲ್ಲ ಅಂತ ಹೇಳಿ ವಾಪಸು ಕಳಿಸುವುದರಲ್ಲಿ ಅವಮಾನವಿಲ್ಲ.

ಇನ್ನು ನಿನ್ನ ಮಗುವಿನ ಮಾತು. ಅವತ್ತು ಅದು ಬಂದು ನಿನ್ನ ಕೆಲಸದ ಪ್ಯಾಂಟು ತಬ್ಬಿಕೊಂಡಿತು, ನೀನು ಅದೇ ಕೈಯಲ್ಲಿ ಬಾಳೆಹಣ್ಣು ಸುಲಿದು ಕೊಟ್ಟೆ. ಸೀಸದ ಪುಡಿ ದೊಡ್ಡವರಿಗೂ ವಿಷವೇ, ಆದರೆ ಮಕ್ಕಳ ಮಿದುಳು ಬೆಳೆಯುವುದನ್ನೇ ಅದು ತಡೆಯುತ್ತದೆ, ಒಮ್ಮೆ ಆದ ಹಾನಿ ಮತ್ತೆ ಸರಿಹೋಗುವುದಿಲ್ಲ. ಅಂಗಡಿಯಲ್ಲೇ ಸೋಪು ಹಚ್ಚಿ ಕೈ ತೊಳೆ, ಕೆಲಸದ ಬಟ್ಟೆ ಅಲ್ಲೇ ಬಿಚ್ಚಿಡು, ಮಗುವಿನ ಬಟ್ಟೆಯ ಜೊತೆ ಒಗೆಯಲು ಹಾಕಬೇಡ. ಹಳೇ ಬ್ಯಾಟರಿ ಒಡೆದು ಸೀಸ ಕರಗಿಸಿ ಕೊಡುತ್ತೇವೆ ಅಂತ ಯಾರಾದರೂ ಹೆಚ್ಚು ದುಡ್ಡು ತೋರಿಸಿಕೊಂಡು ಬರುತ್ತಾರೆ. ಕೊಡಬೇಡ. 2022ರ ಬ್ಯಾಟರಿ ತ್ಯಾಜ್ಯದ ನಿಯಮದ ಪ್ರಕಾರ ಅದು ಕಂಪನಿಯ ದಾರಿಯಲ್ಲಿ, ನೋಂದಾಯಿತ ಮರುಬಳಕೆ ಕಾರ್ಖಾನೆಗೆ ಹೋಗಬೇಕು. ಡೀಲರ್ ಹೊಸದು ಕೊಡುವಾಗ ಹಳೆಯದನ್ನು ಅವರಿಗೇ ಒಪ್ಪಿಸಿ ಚೀಟಿ ತೆಗೆದುಕೋ.

ಈ ಕಾಗದದ ಜೊತೆ ಎರಡು ಕನ್ನಡಕ, ಎರಡು ಜೊತೆ ರಬ್ಬರ್ ಕೈಗವಸು ಕಳಿಸಿದ್ದೇನೆ. ಮಗ್ಗುಲೂ ಮುಚ್ಚುವ ಕನ್ನಡಕ, ಹೊಸಪೇಟೆಯಲ್ಲಿ ಹುಡುಕಿ ತಂದದ್ದು. ಒಂದು ನಿನಗೆ, ಇನ್ನೊಂದು ಕೆಲಸದ ಹುಡುಗನಿಗೆ. ಅವನೂ ಯಾವುದೋ ತಾಯಿಯ ಮಗ.

ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ನಾನೂ ನಿನ್ನ ಅತ್ತೆಯೂ ಬರುತ್ತೇವೆ. ಅಷ್ಟರೊಳಗೆ ಕಿಟಕಿಯ ತಗಡು ಕೀಳಿಸಿ ಜಾಲರಿ ಹಾಕಿಸು, ಸೂರಿನ ಹತ್ತಿರ ಗೋಡೆಗೆ ಎರಡು ಗವಾಕ್ಷಿ ತೆಗೆಸು. ದೇವರ ಫೋಟೋವನ್ನು ಮುಂದಿನ ಕೋಣೆಯಲ್ಲಿ, ಬಾಗಿಲಿಗೆ ಎದುರಿನ ಗೋಡೆಗೆ ಹಾಕಿರು. ದೀಪಕ್ಕೆ ಎಣ್ಣೆ ಬತ್ತಿ ನಿನ್ನ ಅತ್ತೆ ತರುತ್ತಾಳೆ, ಅವಳೇ ಬಂದು ಅಲ್ಲಿ ಹಚ್ಚುತ್ತಾಳೆ.

ಇಂತಿ ನಿನ್ನ ಪ್ರೀತಿಯ
ಮಾವ