ಮನವಿಪತ್ರವಿಲ್ಲದ ಒಂದು ದಿನ

ಕಾಸರಗೋಡಿನ ಕನ್ನಡಿಗರಿಗೆ ತಿರುವನಂತಪುರವೆಂದರೆ ಮನವಿಪತ್ರದ ಊರು. 1956ರ ನವೆಂಬರ್ 1ರಂದು ಕೇರಳ ರಾಜ್ಯ ರೂಪುಗೊಂಡಂದಿನಿಂದ ನಮ್ಮ ಹಿರಿಯರು ಭಾಷೆಯ ಹಕ್ಕಿಗಾಗಿ, ಪಠ್ಯಪುಸ್ತಕಕ್ಕಾಗಿ, ಅಧ್ಯಾಪಕರ ನೇಮಕಾತಿಗಾಗಿ ರಾಜ್ಯದ ಈ ತುದಿಯಿಂದ ಆ ತುದಿಗೆ ಪಯಣಿಸುತ್ತ ಬಂದಿದ್ದಾರೆ. ನಾನೂ ಎರಡು ಬಾರಿ ಹಾಗೆ ಹೋಗಿ, ಕಚೇರಿಯೊಂದರ ಬೆಂಚಿನ ಮೇಲೆ ದಿನವಿಡೀ ಕುಳಿತು ಮರಳಿದ್ದೇನೆ. ಎರಡನೆಯ ಬಾರಿ ರೈಲಿಗೆ ಇನ್ನೂ ಹೊತ್ತಿದ್ದುದರಿಂದ ತಂಪಾನೂರಿನ ಇಂಡಿಯನ್ ಕಾಫಿ ಹೌಸನ್ನು ಹೊಕ್ಕೆ. ಅಲ್ಲಿ ಕಳೆದ ಒಂದು ಗಂಟೆಯೇ ಈಗ ನಮ್ಮ ವಿಭಾಗ ಸಿದ್ಧಪಡಿಸುತ್ತಿರುವ ಏಕದಿನ ಪ್ರವಾಸದ ಮೂಲ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಆಧುನಿಕ ಕಟ್ಟಡಗಳಿಂದ ಆಗಬೇಕಾದುದೇನು ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಉತ್ತರವನ್ನು ಯೋಜನೆಯಲ್ಲಿಯೇ ಹುಡುಕಿಕೊಂಡೆ.

ಒಂದು ದಿನದ ಯೋಜನೆಯಲ್ಲಿ ಮೊದಲು ಮಾಡಬೇಕಾದುದು ಬಿಡುವ ಕೆಲಸ. ನೇಪಿಯರ್ ವಸ್ತುಸಂಗ್ರಹಾಲಯ ಸುಂದರವಾದುದು. ಆದರೆ ಅದು ಹತ್ತೊಂಬತ್ತನೆಯ ಶತಮಾನದ್ದು. ಅರಮನೆಗೂ ಇನ್ನೊಂದು ದಿನ ಬೇಕು. ಉಳಿದವು ಮೂರು, ಮೂರೂ ಲಾರಿ ಬೇಕರರವು. 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಜನಿಸಿ, ಭಾರತದ ಪೌರರಾಗಿ, 2007ರಲ್ಲಿ ತಿರುವನಂತಪುರದಲ್ಲಿಯೇ ತೀರಿಕೊಂಡ ವಾಸ್ತುಶಿಲ್ಪಿ ಅವರು. ಮನೆಯನ್ನು ಐದು ಮೈಲಿಯೊಳಗೆ ದೊರೆಯುವ ಸಾಮಗ್ರಿಯಿಂದಲೇ ಕಟ್ಟಬೇಕೆಂಬ ಗಾಂಧೀಜಿಯವರ ವಿಚಾರವನ್ನು ಅವರು ಬದುಕಿನುದ್ದಕ್ಕೂ ನೆನೆಯುತ್ತಿದ್ದರು.

ಸಂಜೆ ಕಾಸರಗೋಡಿನಲ್ಲಿ ರೈಲು ಹತ್ತಿದರೆ ಬೆಳಗ್ಗೆ ತಿರುವನಂತಪುರ. ನಿಲ್ದಾಣದ ಸಮೀಪದಲ್ಲಿಯೇ ಕಾಫಿ ಹೌಸ್, ಉಪಾಹಾರ ಅಲ್ಲಿ. ಇಟ್ಟಿಗೆಯ ದುಂಡು ಗೋಪುರದೊಳಗೆ ನೆಲವೇ ಸುರುಳಿಯಾಗಿ ಮೇಲೇರುತ್ತದೆ. ಮೇಜು, ಪೀಠಗಳು ಗೋಡೆಯೊಂದಿಗೇ ಕಟ್ಟಲ್ಪಟ್ಟಿವೆ. ಗೋಡೆಯ ರಂಧ್ರಗಳಿಂದ ಗಾಳಿ, ಬೆಳಕು ಎರಡೂ ಬರುತ್ತವೆ. ಇಲ್ಲಿ ಯಾರೂ ಅವಸರಿಸಬಾರದು: ಕುಳಿತು ದೋಸೆ ತಿಂದವನಿಗೇ ಈ ಕಟ್ಟಡ ಅರ್ಥವಾಗುವುದು.

ಅನಂತರ ಉಳ್ಳೂರಿನ ಅಭಿವೃದ್ಧಿ ಅಧ್ಯಯನ ಕೇಂದ್ರ. ನೆಲದ ಏರಿಳಿತವನ್ನು ಸಮತಟ್ಟು ಮಾಡದೆ, ಮರಗಳನ್ನು ಉಳಿಸಿಕೊಂಡು ಕಟ್ಟಿದ ಆವರಣವಿದು. ಅದೇ ದಿಕ್ಕಿನಲ್ಲಿ ಮುಂದೆ ಶ್ರೀಕಾರ್ಯಂ. ಅಲ್ಲಿಯ ಲೊಯೋಲಾ ಪ್ರಾರ್ಥನಾಲಯಕ್ಕೆ ಮಧ್ಯಾಹ್ನವನ್ನು ಮೀಸಲಿಟ್ಟಿದ್ದೇನೆ. ಎರಡಕ್ಕೂ ಮುಂಚಿತವಾಗಿ ಅನುಮತಿ ಪಡೆಯಬೇಕು. ಪತ್ರ ಬರೆಯುವ ಹೊಣೆ ನನ್ನದು. ಸಂಜೆಯ ರೈಲಿಗೆ ಮರಳುವುದು.

ನೋಡಬೇಕಾದುದರಲ್ಲಿ ಎರಡನ್ನು ಮೊದಲೇ ಹೇಳಿಬಿಡುತ್ತೇನೆ. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಗೋಡೆ ಕಟ್ಟುವ ಕ್ರಮವನ್ನು ಬೇಕರ್ ಇಲ್ಲಿ ಬಳಕೆಗೆ ತಂದರು. ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತದೆ, ಒಳಗೆ ತಂಪಿರುತ್ತದೆ. ಇನ್ನೊಂದು, ಅವರ ಛಾವಣಿ. ಕಾಂಕ್ರೀಟ್ ಹಲಗೆಯ ಕೆಳಭಾಗದಲ್ಲಿ ಎಳೆತವನ್ನು ತಡೆಯುವುದು ಕಬ್ಬಿಣವೇ ಹೊರತು ಕಾಂಕ್ರೀಟಲ್ಲ. ಆದ್ದರಿಂದ ಕಂಬಿಗಳ ನಡುವೆ ಹೆಂಚನ್ನಿಟ್ಟು ಸಿಮೆಂಟನ್ನೂ ಭಾರವನ್ನೂ ಕಡಿಮೆ ಮಾಡಿದರು. ಆ ಹೆಂಚು ಮಂಗಳೂರು ಹೆಂಚು! 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಕುಂಬಳೆ, ಮಂಜೇಶ್ವರಗಳ ಮನೆಗಳ ಮಾಡನ್ನು ಹೊದಿಸಿದ್ದು ಆ ಬಗೆಯ ಹೆಂಚೇ. ನಮ್ಮ ಅಟ್ಟದ ಮೇಲಿನ ವಸ್ತು ನಮಗಿಂತ ಮೊದಲೇ ರಾಜಧಾನಿಯನ್ನು ಸೇರಿ, ಯಾರನ್ನೂ ಬೇಡದೆ, ಛಾವಣಿಯೊಳಗೆ ತನ್ನ ಕೆಲಸವನ್ನು ತಾನು ಮಾಡಿಕೊಂಡಿದೆ.

ಸಹೋದ್ಯೋಗಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಪ್ರತಿಯೊಬ್ಬರೂ ಒಂದು ಗೋಡೆಯನ್ನಾದರೂ ಕನ್ನಡದಲ್ಲಿ ಒಂದು ಪುಟ ವರ್ಣಿಸಬೇಕು. ‘ಭವ್ಯ’, ‘ಮನಮೋಹಕ’ಗಳ ನೆರವಿಲ್ಲದೆ. ಬೇಲೂರಿನ ಕಲ್ಲುಜಾಲರಿಗೆ ನಾವು ಜಾಲಂಧ್ರ ಎನ್ನುತ್ತೇವೆ. ಬೇಕರರ ಇಟ್ಟಿಗೆಜಾಲರಿಗೂ ಆ ಮಾತು ಒಪ್ಪುತ್ತದೆ. ಪಕ್ಕಾಸು, ಮುರಕಲ್ಲು, ಜಗಲಿ ಎಂಬ ಮಾತುಗಳು ನಿಮ್ಮ ಅಜ್ಜಿಯರ ಬಾಯಲ್ಲಿವೆ. ಹತ್ತಿರದ ಸಾಮಗ್ರಿಯಿಂದ ಮನೆ ಕಟ್ಟಬಹುದಾದರೆ ಹತ್ತಿರದ ಮಾತಿನಿಂದ ಗದ್ಯವನ್ನೂ ಕಟ್ಟಬಹುದು. ಹೊಸ ವಸ್ತುವನ್ನು ಹೇಳಲಾರದ ಭಾಷೆಗಾಗಿ ಎಷ್ಟು ಮನವಿ ಸಲ್ಲಿಸಿದರೂ ಫಲವಿಲ್ಲ.

ಮನವಿಪತ್ರಗಳ ಅಗತ್ಯ ಇನ್ನೂ ತೀರಿಲ್ಲ. ಅವುಗಳನ್ನು ಬರೆಯುವವರೂ ನಿಮ್ಮಲ್ಲಿಂದಲೇ ಬರಬೇಕು. ಈ ಬಾರಿ ಮಾತ್ರ ರೂಲು ಹಾಕದ ಒಂದು ನೋಟುಪುಸ್ತಕ, ಎರಡು ಪೆನ್ಸಿಲು ಸಾಕು.