ಭಾರವೂ ವಾಹನವೂ

ಮೋಟಾರು ಸೈಕಲ್ಲೆಂಬುದು ತರುಣರ ವಾಹನ, ಅರುವತ್ತು ದಾಟಿದವರಿಗೆ ಊರುಗೋಲೇ ತಕ್ಕ ಸಂಗಾತಿ ಎಂಬುದು ಲೋಕದ ಮತ. ಲೋಕಮತಕ್ಕೆ ವಿರೋಧವಾಗಿ ನಡೆಯಬೇಕೆಂಬ ಛಲವೇನೂ ನಮಗಿಲ್ಲ. ಆದರೆ ಮೂವತ್ತಾರು ವರುಷ ಮಕ್ಕಳಿಂದ ಶಬ್ದರೂಪಗಳನ್ನು ಕಂಠಪಾಠ ಮಾಡಿಸುತ್ತಿದ್ದ ಕಾಲದಲ್ಲಿ ನಾವು ಶಾಲೆಗೆ ಹೋಗಿ ಬರುತ್ತಿದ್ದುದು ಮೈಸೂರಿನಲ್ಲಿಯೇ ತಯಾರಾದ ಯೆಜ್ಡಿಯ ಮೇಲೆ. ಆ ಕಾರ್ಖಾನೆ 1996ರಲ್ಲಿ ಮುಚ್ಚಿಹೋಯಿತು. ನಮ್ಮ ಕೈಯ ಅಭ್ಯಾಸ ಮಾತ್ರ ಉಳಿಯಿತು. ಆದಕಾರಣ, ನಿವೃತ್ತರಾದ ಮರುವರುಷ, 2024ರ ಆಗಸ್ಟಿನಲ್ಲಿ, ಅಕ್ಕನ ಮಗನು ಹಿಮಾಚಲ ಪ್ರದೇಶದ ಸ್ಪಿತಿಗೆ ಹೊರಟಾಗ ನಾವೂ ಜೊತೆಗೂಡಿದೆವು. ಹಿಮಗಿರಿಯ ಸೌಂದರ್ಯವನ್ನು ವರ್ಣಿಸುವುದು ಈ ಲೇಖನದ ಉದ್ದೇಶವಲ್ಲ. ಆ ಕೆಲಸವನ್ನು ಕವಿಗಳು ಮಾಡಿರುವರು. ಭಾರವೆಂದರೇನು, ಅದನ್ನು ಹೊರುವ ಬಗೆ ಯಾವುದು ಎಂಬಿಷ್ಟನ್ನೇ ವಾಚಕರೊಡನೆ ವಿಚಾರಮಾಡಬೇಕೆಂದು ನಮ್ಮ ಇಷ್ಟ.

‘ವಹ್’ ಧಾತುವಿನಿಂದ ವಾಹನವೆಂಬ ಶಬ್ದವಾಯಿತು. ಹೊರುವುದೇ ಅದರ ಅರ್ಥ. ‘ಭೃ’ ಧಾತುವಿನಿಂದ ಭಾರವಾಯಿತು. ಭರ್ತೃ, ಭಾರ್ಯೆ ಎಂಬ ಶಬ್ದಗಳೂ ಆ ಧಾತುವಿನಿಂದಲೇ ಹುಟ್ಟಿದವು. ಸಾಮಾನು ಕಟ್ಟುವ ದಿನ ಈ ವ್ಯುತ್ಪತ್ತಿಯನ್ನು ಮನೆಯವರಿಗೆ ವಿವರಿಸಿದೆವು. “ಧಾತು ಯಾವುದಾದರೂ ಇರಲಿ, ಚಟ್ನಿಪುಡಿ ಡಬ್ಬಿಗೆ ಜಾಗ ಮಾಡಿ” ಎಂದರು ಅವರು. ಚಟ್ನಿಪುಡಿಯ ಹಿಂದೆ ಹುರಿಹಿಟ್ಟು, ಅದರ ಹಿಂದೆ ಕೋಡುಬಳೆ, ಅದರ ಹಿಂದೆ ಎರಡು ರಗ್ಗು ಬಂದವು. ತಕ್ಕಡಿಯಲ್ಲಿಟ್ಟು ನೋಡಿದರೆ 38 ಕಿಲೋ! ವಾಹನದ ತೂಕವೇ ಸುಮಾರು 190 ಕಿಲೋ. ನಿತ್ಯವೂ ಬೇಕಾದದ್ದು, ಆಪತ್ತಿಗೆ ಬೇಕಾದದ್ದು, ಇದ್ದರೆ ಇರಲಿ ಎನ್ನುವಂಥದು ಎಂದು ಮೂರು ಗುಡ್ಡೆ ಮಾಡಿ, ಮೂರನೆಯದನ್ನು ಸಮೂಲವಾಗಿ ಮನೆಯಲ್ಲಿಯೇ ಬಿಟ್ಟೆವು. ಉಳಿದದ್ದು 24 ಕಿಲೋ. ಚಟ್ನಿಪುಡಿ ಎರಡನೆಯ ಗುಡ್ಡೆಯಲ್ಲಿ ಸ್ಥಾನ ಪಡೆಯಿತೆಂಬುದನ್ನು ಇಲ್ಲಿ ಹೇಳದಿದ್ದರೆ ಗೃಹಶಾಂತಿಗೆ ಭಂಗ ಬಂದೀತು.

ಭಾರವನ್ನು ತಗ್ಗಿಸಿದರೆ ಅರ್ಧ ಕೆಲಸ. ತಕ್ಕ ಸ್ಥಳದಲ್ಲಿಡುವುದು ಉಳಿದರ್ಧ. ಸ್ಟೌ, ಆಯುಧಗಳು, ನೀರು ಮುಂತಾದ ತೂಕದ ವಸ್ತುಗಳನ್ನು ಎಷ್ಟು ಕೆಳಗೆ, ಎಷ್ಟು ಮಧ್ಯಕ್ಕೆ ಇಡಲಾದೀತೋ ಅಷ್ಟು ಒಳ್ಳೆಯದು. ಹಾಸಿಗೆ ಚೀಲ, ಬಟ್ಟೆ ಮುಂತಾದ ಹಗುರ ವಸ್ತುಗಳು ಮೇಲೆ. ತೂಕವೆಲ್ಲ ಹಿಂದಿನ ಚಕ್ರದ ಅಚ್ಚಿನ ಆಚೆಗೆ ಬಿದ್ದರೆ ಮುಂದಿನ ಚಕ್ರ ಹಗುರಾಗಿ, ಹ್ಯಾಂಡಲ್ಲು ತಿರುಗಿಸಿದ ಕಡೆಗೆ ವಾಹನ ತಿರುಗದು. ಎಡಬಲಗಳ ಚೀಲಗಳು ಸಮತೂಕವಾಗಿರಬೇಕು. ಹಗ್ಗ ಸಡಿಲವಾಗಿದ್ದರೆ ಕಲ್ಲುದಾರಿಯ ಮೊದಲ ಹತ್ತು ಮೈಲಿಯೊಳಗೆ ಚೀಲ ಕೆಳಗಿಳಿದು ಚಕ್ರಕ್ಕೆ ಸಿಕ್ಕುವುದು ನಿಶ್ಚಯ.

ನಮ್ಮ ವಾಹನಗಳು ರಾಯಲ್ ಎನ್‌ಫೀಲ್ಡಿನ ಹಿಮಾಲಯನ್ ಎಂಬ ಜಾತಿಯವು. 411 ಸಿಸಿ ಎಂಜಿನು, 15 ಲೀಟರು ಪೆಟ್ರೋಲ್ ಹಿಡಿಯುವ ಟ್ಯಾಂಕು. ಕಲ್ಲನ್ನು ಹತ್ತಿ ಇಳಿಯಲೆಂದು ಮುಂದಿನ ಚಕ್ರವನ್ನು 21 ಅಂಗುಲದ್ದಾಗಿ ಮಾಡಿರುವರು, ಹಿಂದಿನದು 17. ಅವನ್ನು ಚಂಡೀಗಢದವರೆಗೆ ರೈಲಿನಲ್ಲಿ ಕಳುಹಿಸಿ, ಅಲ್ಲಿಂದ ಶಿಮ್ಲಾ, ಕಿನ್ನೌರಿನ ಮಾರ್ಗವಾಗಿ ಹೊರಟೆವು. ಮನಾಲಿಯ ಮಾರ್ಗ ಹತ್ತಿರವಾದರೂ ಅದು ಥಟ್ಟನೆ ಎತ್ತರಕ್ಕೇರುವುದು. ಕಿನ್ನೌರಿನದು ಮೆಲ್ಲಮೆಲ್ಲನೆ ಏರುವುದರಿಂದ ದೇಹವು ತೆಳುಗಾಳಿಗೆ ಒಗ್ಗಲು ಕಾಲಾವಕಾಶವಾಗುವುದು. ಸುಮಾರು 4,550 ಮೀಟರು ಎತ್ತರದ ಕುಂಜುಮ್ ಕಣಿವೆಯಲ್ಲಿ ಗಾಳಿಯ ಒತ್ತಡವು ಸಮುದ್ರಮಟ್ಟದ ಐದರಲ್ಲಿ ಮೂರು ಪಾಲಿಗಿಂತಲೂ ಕಡಮೆ. ಅಲ್ಲಿ ಎಂಜಿನಿಗೂ ಉಬ್ಬಸ, ಏರಿದವನಿಗೂ ಉಬ್ಬಸ. ತಲೆನೋವು, ವಾಕರಿಕೆ ಹೆಚ್ಚಾದರೆ ಕೆಳಗಿಳಿಯುವುದೇ ಮದ್ದು. ಧೈರ್ಯವು ಅಲ್ಲಿ ಔಷಧವಲ್ಲ.

ಕಾಜಾ ಊರಿನಲ್ಲಿ ಟ್ಯಾಂಕು ತುಂಬಿಸಿ, ಲೋಸರ್ ದಾಟಿ, ಕುಂಜುಮ್ ಏರಿ, ಚಂದ್ರತಾಲವೆಂಬ ಸರೋವರದ ಕಡೆಗೆ ತಿರುಗಿದೆವು. ಕಲ್ಲುಮಣ್ಣಿನ ದಾರಿಯಲ್ಲಿ ಕುಳಿತು ಓಡಿಸುವುದಕ್ಕಿಂತ ನಿಂತು ಓಡಿಸುವುದೇ ಲೇಸು. ಕಾಲಿಡುವ ಕಡ್ಡಿಗಳ ಮೇಲೆ ನಿಂತಾಗ ಮೈಯ ಭಾರ ಕೆಳಗಿನಿಂದ ಬೀಳುವುದು. ಮೊಣಕಾಲುಗಳೇ ಸ್ಪ್ರಿಂಗಾಗಿ ಕುಲುಕಾಟವನ್ನು ನುಂಗುವುವು. ಕೆಳಗೆ ವಾಹನವು ತನ್ನಿಷ್ಟದಂತೆ ಅತ್ತಿತ್ತ ಓಲಾಡಿದರೂ ಸವಾರನು ನೆಟ್ಟಗಿರುವನು. ಹ್ಯಾಂಡಲ್ಲನ್ನು ಬಿಗಿಯಾಗಿ ಅಮುಕಬಾರದು. ದೃಷ್ಟಿ ಹೋಗಬೇಕಾದ ದಾರಿಯ ಮೇಲಿರಬೇಕು. ಕಲ್ಲನ್ನೇ ದಿಟ್ಟಿಸಿದವನು ಕಲ್ಲಿಗೇ ಹೋಗಿ ತಾಗುವನು. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿಟ್ಟು, ಎಂಜಿನಿನ ಹಿಡಿತವನ್ನೂ ಹಿಂದಿನ ಬ್ರೇಕನ್ನೂ ನಂಬಿ, ಮುಂದಿನ ಬ್ರೇಕನ್ನು ಮೃದುವಾಗಿ ಮುಟ್ಟಬೇಕು. ವಾಹನ ಉರುಳಿದರೆ ಮೊದಲು ಎಂಜಿನು ನಿಲ್ಲಿಸಿ, ಗೇರಿನಲ್ಲಿಟ್ಟು, ಅದಕ್ಕೆ ಬೆನ್ನು ಕೊಟ್ಟು, ಬಾಗಿ ಹಿಡಿದು, ತೊಡೆಗಳ ಬಲದಿಂದ ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತ ಎತ್ತಬೇಕು. ಸೊಂಟದಿಂದ ಎತ್ತಿದವರಿಗೆ ಪ್ರವಾಸ ಅಲ್ಲಿಗೇ ಮುಗಿಯುವುದು.

ಚಂದ್ರತಾಲವು 4,200 ಮೀಟರಿಗೂ ಮೀರಿದ ಎತ್ತರದಲ್ಲಿರುವುದು. 2005ರಲ್ಲಿ ಅದನ್ನು ರಾಮ್ಸಾರ್ ಒಪ್ಪಂದದ ಜಲಭೂಮಿಗಳ ಪಟ್ಟಿಗೆ ಸೇರಿಸಿದರು. ದಡದಲ್ಲಿ ಡೇರೆ ಹಾಕುವಂತಿಲ್ಲ. ಡೇರೆಗಳ ಸ್ಥಳ ದೂರದಲ್ಲಿ ಬೇರೆ. ಅಲ್ಲಿಯ ಹುಲ್ಲು ವರುಷದಲ್ಲಿ ಕೆಲವೇ ತಿಂಗಳು ಬೆಳೆಯುವುದರಿಂದ ಚಕ್ರದ ಒಂದು ಗೀರು ಬಹುಕಾಲ ಮಾಯುವುದಿಲ್ಲ. ದಾರಿಯಿಲ್ಲದಲ್ಲಿ ಓಡಿಸುವುದೇ ಸಾಹಸವೆಂದು ಹುಲ್ಲುಗಾವಲಿನಲ್ಲಿ ತಿರುಗುವವರನ್ನು ಕಂಡು ನಮಗೆ ದುಃಖವಾಯಿತು. ಆ ಕಣಿವೆಯಲ್ಲಿ ಹರಿಯುವ ಚಂದ್ರಾ ನದಿಯು ತಾಂಡಿಯೆಂಬಲ್ಲಿ ಭಾಗಾ ನದಿಯೊಡನೆ ಕೂಡಿ ಚಂದ್ರಭಾಗೆಯಾಗುವುದು. ವೇದದ ಅಸಿಕ್ನಿಯೂ ಇಂದಿನ ಚೀನಾಬ್ ನದಿಯೂ ಇದೇ. ಶಾಲೆಯ ಕಪ್ಪುಹಲಗೆಯ ಮೇಲೆ ಎಷ್ಟೋ ಸಲ ಬರೆದ ಹೆಸರಿನ ನೀರಿನಲ್ಲಿ ಕೈ ತೊಳೆದೆವು.

ಇನ್ನು ಮುಖ್ಯ ವಿಷಯಕ್ಕೆ ಬರುವೆವು. ಬಾತಲ್‌ನಿಂದ ಗ್ರಾಂಫುವಿನವರೆಗೆ ಸುಮಾರು 50 ಕಿಲೋಮೀಟರು ದಾರಿ. ನಾವು ಹೋದಾಗ ಅದರ ಬಹುಭಾಗ ಗುಂಡುಕಲ್ಲುಗಳ ಹಾಸು. ನಡುನಡುವೆ ಹಿಮನದಿಗಳಿಂದ ಇಳಿದು ದಾರಿಗೆ ಅಡ್ಡಲಾಗಿ ಹರಿಯುವ ಹಳ್ಳಗಳು. ಬೆಳಗ್ಗೆ ಬಿಸಿಲೇರುವ ಮುಂಚೆ ಇವು ಸಾಧುಗಳು. ಹಗಲೆಲ್ಲ ಹಿಮ ಕರಗಿ, ಮಧ್ಯಾಹ್ನ ಕಳೆದ ಮೇಲೆ ಉಗ್ರರೂಪ ತಾಳುವುವು. ಆ ದಿನ ಹಿಂದಿನ ಟೈರಿಗೆ ಮೊಳೆ ಹೊಕ್ಕು, ಅದನ್ನು ಸರಿಪಡಿಸಿ ಹೊರಡುವಷ್ಟರಲ್ಲಿ ಹೊತ್ತಾಯಿತು. ದೊಡ್ಡದೊಂದು ಹಳ್ಳದ ಬಳಿಗೆ ಬಂದಾಗ ಮೂರೂವರೆ ಗಂಟೆ. ನೀರು ಬೂದಿಬಣ್ಣಕ್ಕೆ ತಿರುಗಿ, ತಳದಲ್ಲಿ ಕಲ್ಲುಗಳು ಉರುಳುವ ಸದ್ದು ದಡಕ್ಕೆ ಕೇಳುತ್ತಿತ್ತು.

“ದಾಟೋಣ, ಮಾವ. ಆಚೆ ಹೋದರೆ ಸಂಜೆಯೊಳಗೆ ಫೋನು ಸಿಕ್ಕುತ್ತದೆ” ಎಂದ.

“ಬೆಳಗ್ಗೆ ದಾಟೋಣ” ಎಂದೆವು.

“ಇವತ್ತು ಸಾಯಂಕಾಲ ಫೋನು ಮಾಡುತ್ತೇನೆಂದು ಅಮ್ಮನಿಗೆ ಮಾತು ಕೊಟ್ಟಿದ್ದೇನೆ. ರಾತ್ರಿಯೆಲ್ಲ ಅವರು ನಿದ್ದೆ ಮಾಡುವುದಿಲ್ಲ.”

ಅವನು ಹೇಳಿದುದು ಸುಳ್ಳಲ್ಲ. ನಮ್ಮಕ್ಕನಿಗೆ ಅವನೊಬ್ಬನೇ ಮಗ. ಭಾವನವರು ಹೋಗಿ ಒಂಬತ್ತು ವರುಷವಾಯಿತು. 2023ರ ಜುಲೈಯಲ್ಲಿ ಹಿಮ ಬಿದ್ದು ಚಂದ್ರತಾಲದ ಡೇರೆಗಳಲ್ಲಿ ಸುಮಾರು ಮುನ್ನೂರು ಜನ ದಿನಗಟ್ಟಲೆ ಸಿಕ್ಕಿಕೊಂಡಿದ್ದ ಸುದ್ದಿಯನ್ನು ಆಕೆ ಪತ್ರಿಕೆಯಲ್ಲಿ ಓದಿದ್ದಳು. ಹೊರಡುವಾಗ ನಮ್ಮನ್ನು ಅಡಿಗೆಮನೆಗೆ ಕರೆದು, “ಇವನ ಭಾರ ನಿನ್ನ ಮೇಲೆ ಕಣೋ” ಎಂದಿದ್ದಳು. ಆ ಭಾರವನ್ನು ಇಳಿಸುವುದಕ್ಕೆ ನಮಗೆ ಅಧಿಕಾರವಿರಲಿಲ್ಲ. ಒಂದು ರಾತ್ರಿಯ ನಿದ್ದೆಯನ್ನು ಆಕೆಗೆ ಮರುದಿನ ಹಿಂತಿರುಗಿಸಬಹುದು. ನೀರು ಒಯ್ದುದನ್ನು ಹಿಂತಿರುಗಿಸುವ ಉಪಾಯವಿಲ್ಲ. “ನಾವು ದಾಟುವುದಿಲ್ಲ, ನೀನೂ ದಾಟಕೂಡದು” ಎಂದೆವು. ನಲವತ್ತರ ಹತ್ತಿರದ ಮನುಷ್ಯನಿಗೆ ಹಾಗೆ ಹೇಳುವುದು ಹಿತವಾದ ಕಾರ್ಯವಲ್ಲ. ಅವನು ಮಾತಾಡದೆ ಕಲ್ಲಿನ ಮೇಲೆ ಕುಳಿತ.

ಅಷ್ಟರಲ್ಲಿ ಎತ್ತರ ಚಕ್ರಗಳ ಲಾರಿಯೊಂದು ಮನಾಲಿಯ ಕಡೆಗೆ ಹೊರಟು ಬಂತು. ಚಾಲಕನನ್ನು ನಿಲ್ಲಿಸಿ, ಚೀಟಿಯಲ್ಲಿ ಅಕ್ಕನ ಫೋನು ಸಂಖ್ಯೆಯನ್ನು ಬರೆದುಕೊಟ್ಟು, ನಾವಿಬ್ಬರೂ ಕ್ಷೇಮವೆಂದು ತಿಳಿಸಬೇಕೆಂದು ಹಿಂದಿಯಲ್ಲಿ ಬೇಡಿದೆವು. ಅವನು ಚೀಟಿಯನ್ನು ಟೋಪಿಯೊಳಗೆ ಸಿಕ್ಕಿಸಿಕೊಂಡು, ಲಾರಿಯನ್ನು ನೀರಿಗಿಳಿಸಿ, ಓಲಾಡುತ್ತ ದಾಟಿ ಮರೆಯಾದ.

ಹಳ್ಳದಿಂದ ದೂರ, ಕಲ್ಲುರುಳುವ ಇಳಿಜಾರನ್ನು ಬಿಟ್ಟು, ಎತ್ತರವಾದ ಸ್ಥಳದಲ್ಲಿ ಡೇರೆ ಹಾಕಿದೆವು. ಎಷ್ಟೇ ಚಳಿಯಿದ್ದರೂ ಸ್ಟೌವನ್ನು ಡೇರೆಯೊಳಗೆ ಉರಿಸಬಾರದು. ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ಬಣ್ಣವಿಲ್ಲದೆ ವಾಸನೆಯಿಲ್ಲದೆ ನಿದ್ದೆಯಲ್ಲಿಯೇ ಪ್ರಾಣ ತೆಗೆಯುವುದು. ಹೊರಗೇ ಅನ್ನ ಬೇಯಿಸಿ ಚಟ್ನಿಪುಡಿ ಕಲಸಿ ಉಂಡೆವು. ಊಟವಾದ ಮೇಲೆ ಅವನೇ ಮೌನ ಮುರಿದು, “ಮಾವ, ಅಮ್ಮ ಹೊರಡುವಾಗ ನಿಮ್ಮ ಭಾರವನ್ನು ನನ್ನ ಮೇಲೆ ಹಾಕಿದ್ದಾರೆ. ವಯಸ್ಸಾಯಿತು, ಅವನು ಹೇಳಿದ ಮಾತು ಕೇಳುವುದಿಲ್ಲ, ನೀನೇ ನೋಡಿಕೊ ಎಂದರು” ಎಂದ. ಅಡಿಗೆಮನೆಯಲ್ಲಿ ಆಕೆ ನಮಗೆ ಹೇಳಿದುದನ್ನು ನಾವೂ ತಿಳಿಸಿದೆವು. ಇಬ್ಬರಿಗೂ ನಗು ತಡೆಯಲಿಲ್ಲ.

ಬೆಳಗ್ಗೆ ಆರು ಗಂಟೆಗೆ ನೀರು ಮೀನಖಂಡದವರೆಗೆ ಮಾತ್ರ ಇತ್ತು. ಮೊದಲು ಬರಿಗೈಯಲ್ಲಿ ನಡೆದು ದಾರಿ ಗುರುತಿಸಿದೆವು. ಚೀಲಗಳನ್ನು ಬಿಚ್ಚಿ ಹೊತ್ತು ಆಚೆಗೆ ಸಾಗಿಸಿದೆವು. ಆಮೇಲೆ ಒಬ್ಬರು ಮೊದಲನೆಯ ಗೇರಿನಲ್ಲಿ, ನಡುವೆ ನಿಲ್ಲಿಸದೆ, ಒಂದೇ ವೇಗದಲ್ಲಿ ದಾಟುವುದು. ಮತ್ತೊಬ್ಬರು ಆಚೆ ದಡದಲ್ಲಿ ಕೈ ಚಾಚಿ ನಿಲ್ಲುವುದು. ಅರ್ಧ ಗಂಟೆಯೊಳಗೆ ಕಾರ್ಯ ಮುಗಿಯಿತು.

ಮಧ್ಯಾಹ್ನ ಫೋನು ಸಿಕ್ಕಿದಾಗ ಅಕ್ಕನ ಧ್ವನಿ ಶಾಂತವಾಗಿತ್ತು. ಹಿಂದಿನ ರಾತ್ರಿ ಹತ್ತು ಗಂಟೆಗೆ ಯಾರೋ ಗಂಡಸು ಹಿಂದಿಯಲ್ಲಿ ಏನೇನೋ ಹೇಳಿದನಂತೆ. ಆಕೆಗೆ ಹಿಂದಿ ಬಾರದು. “‘ಠೀಕ್, ಠೀಕ್’ ಎಂದು ನಾಲ್ಕು ಸಲ ಅಂದ. ಅಷ್ಟು ತಿಳಿಯಿತು. ಮಲಗಿದೆ” ಎಂದಳು.

ಆ ಚಾಲಕನ ಹೆಸರನ್ನು ನಾವು ಕೇಳಿರಲಿಲ್ಲ. ಅವನೂ ನಮ್ಮ ಹೆಸರನ್ನು ಕೇಳಲಿಲ್ಲ. ದಿನವೆಲ್ಲ ಆ ಕಲ್ಲುದಾರಿಯಲ್ಲಿ ಲಾರಿ ನಡೆಸಿ ದಣಿದವನು ರಾತ್ರಿ ಹತ್ತಕ್ಕೆ ಟೋಪಿಯೊಳಗಿನ ಚೀಟಿಯನ್ನು ನೆನಪಿಟ್ಟು ತೆಗೆದನಲ್ಲ, ಅದನ್ನು ಯಾವ ತಕ್ಕಡಿಯಲ್ಲಿಟ್ಟು ತೂಗೋಣ? ಮನೆಮನೆಯಲ್ಲಿಯೂ ತರುಣರು ಇಂಥ ಯಾತ್ರೆಗಳಿಗೆ ಹೊರಡುವ ಕಾಲವಿದು. ಹೊರಡಲಿ, ಬೇಡವೆನ್ನಬಾರದು. ಆದರೆ ಹಿರಿಯರು ಬೀಳ್ಕೊಡುವಾಗ “ಇಂಥ ದಿನ, ಇಂಥ ಹೊತ್ತಿಗೆ ಫೋನು ಮಾಡು” ಎಂಬ ಕಟ್ಟನ್ನು ಹಾಕದೆ, “ನಿಂತರೂ ಚಿಂತೆಯಿಲ್ಲ, ತಡವಾದರೂ ಚಿಂತೆಯಿಲ್ಲ” ಎಂದು ಹೇಳಿ ಕಳುಹಿಸಲಿ. ಸಾಮಾನಿನ ಚೀಲದಿಂದ ತೆಗೆಯಬಹುದಾದ ಭಾರಗಳಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು.