ಬಂದರಿನ ಮುಂಬಾಗಿಲು

ಹರಿಹರದ ಹೊಳೆ ಪಡುಗಡಲಿಗೆ ಬೆನ್ನು ಹಾಕಿದ ಹೊಳೆ. ಗಂಗಾಮೂಲದಲ್ಲಿ ಹುಟ್ಟುವ ತುಂಗೆ-ಭದ್ರೆಯರಿಗೆ ಅರಬ್ಬೀ ಸಮುದ್ರ ಮಗ್ಗುಲಲ್ಲೇ ಇದ್ದರೂ ಅವರು ಮೂಡಣ ಹಿಡಿದು, ಕೂಡಲಿಯಲ್ಲಿ ಒಂದಾಗಿ, ಹರಿಹರ ದಾಟಿ, ಕೃಷ್ಣೆಯ ಕೈಹಿಡಿದು ಬಂಗಾಳ ಕೊಲ್ಲಿಗೆ ನಡೆಯುತ್ತಾರೆ. ಹೊಳೆಯ ಹಾಗೇ ಊರವರು. ದಾವಣಗೆರೆ ಸೀಮೆಗೆ ಕಡಲೆಂದರೆ ಎರಡು ದಿನದ ರಜೆ: ಮುರ್ಡೇಶ್ವರದ ಗೋಪುರ, ಗೋಕರ್ಣದ ಮರಳು, ಮತ್ತೆ ಬಸ್ಸು. ಆದರೆ ಉತ್ತರ ಕನ್ನಡದ ಕರಾವಳಿಯನ್ನು ಸವಿಯಬೇಕಾದದ್ದು ನೀರಿನ ಮೇಲಿಂದ. ದಡವನ್ನು ಬಲಕ್ಕಿಟ್ಟುಕೊಂಡು ಭಟ್ಕಳದಿಂದ ಕಾರವಾರಕ್ಕೆ ಬಡಗಣ ಮುಖವಾಗಿ ಸಾಗುವ ದೋಣಿಗೆ ತೋರುವುದು ಹೆದ್ದಾರಿಗೆ ತೋರದು.

ಕಾರಣ ಸರಳ. ಬಂದರು ಕಟ್ಟಿದವರು ಅದರ ಮುಂಬಾಗಿಲನ್ನು ಕಡಲಿಗೆ ಇಟ್ಟರು. ರಸ್ತೆಯಲ್ಲಿ ಬರುವ ನಾವು ಹಿತ್ತಿಲಿನಿಂದ ನುಗ್ಗುತ್ತೇವೆ. ಸೇತುವೆಯ ಮೇಲೆ ಶರಾವತಿ ಒಂದೆರಡು ನಿಮಿಷದಲ್ಲಿ ಮುಗಿದುಹೋಗುತ್ತಾಳೆ. ಅಳಿವೆಯಿಂದ ಒಳಹೊಕ್ಕರೆ ಮಾತ್ರ ಹೊನ್ನಾವರ ಅಲ್ಲೇ ಏಕೆ ಹುಟ್ಟಿತೆಂಬುದು ಕಣ್ಣಿಗೆ ಬೀಳುತ್ತದೆ. ಎದುರು ಕಡಲಲ್ಲಿ ಬಸವರಾಜದುರ್ಗದ ಕೋಟೆ, ಒಳಗೆ ತಂಗಲು ನದಿ, ಅದರ ಮೇಲುದಾರಿಯಲ್ಲಿ ಮೆಣಸಿನ ಗೇರುಸೊಪ್ಪೆ. 14ನೇ ಶತಮಾನದಲ್ಲಿ ಇಬ್ನ್ ಬತೂತ ಕಂಡದ್ದು ಈ ಮುಖವನ್ನೇ. ವಿಜಯನಗರದ ಕುದುರೆಗಳು ಇಳಿದ ಭಟ್ಕಳವೂ ಅಘನಾಶಿನಿಯ ಅಳಿವೆಯ ತದಡಿಯೂ ಹಾಗೆಯೇ. ಕಾರವಾರದ ಮುಂದಿನ ದ್ವೀಪಗಳೂ ದಡದ ಕೋಟೆಯೂ ಬರಿಯ ಚೆಲುವಲ್ಲ: ಕೂರ್ಮಗಡದ ನರಸಿಂಹ, ದೇವಗಡದ ದೀಪಸ್ತಂಭ, ಕಾಳಿಯ ಬಾಯಿ ಕಾಯುವ ಸದಾಶಿವಗಡ ಎಲ್ಲವೂ ನಾವಿಕನ ಕಣ್ಣಳತೆಯಲ್ಲಿ ಕೂತಿವೆ. ಊರಿಗೆ ಮರಳುವ ಮುನ್ನ 1498ರಲ್ಲಿ ವಾಸ್ಕೋ ಡ ಗಾಮ ಅಂಜದೀವ ದ್ವೀಪದಲ್ಲಿ ತಂಗಿದ್ದಕ್ಕೆ ಅಲ್ಲಿನ ಸಿಹಿನೀರೂ ಒಂದು ಕಾರಣ.

ಇಂಥ ಕಡಲಯಾನ ಹಣವಂತರ ಷೋಕಿ ಎನ್ನಬಹುದು. ದೊಡ್ಡ ಹಡಗಿನ ಮಟ್ಟಿಗೆ ನಿಜ, ಆದರೆ ಹೂಳು ತುಂಬಿದ ಈ ಅಳಿವೆಗಳಿಗೆ ದೊಡ್ಡ ಹಡಗು ಬರುವಂತೆಯೇ ಇಲ್ಲ. ಬೇಕಾದದ್ದು ಸಣ್ಣ ದೋಣಿ. ಪೂರ್ತಿ ದಾರಿ ಒಂದೇ ಸಲಕ್ಕೆ ಆಗದಿದ್ದರೆ ತುಂಡುತುಂಡಾಗಿ ಆಗಲಿ: ಮುರ್ಡೇಶ್ವರದಿಂದ ನೇತ್ರಾಣಿ, ಶರಾವತಿಯ ಹಿನ್ನೀರು, ಕಾರವಾರದಿಂದ ಕೂರ್ಮಗಡ. ಕಡಲು ಅಪಾಯ ಎನ್ನುವ ಮಾತು ಮಳೆಗಾಲಕ್ಕೆ ಸಲ್ಲುತ್ತದೆ. ಜೂನ್, ಜುಲೈನಲ್ಲಿ ಮೀನುಗಾರರ ಯಾಂತ್ರಿಕ ಬೋಟುಗಳೇ ದಡದಲ್ಲಿರುತ್ತವೆ. ಅಂಜದೀವ ನೌಕಾಪಡೆಯ ವಶದಲ್ಲಿದೆ, ಇಳಿಯಲಾಗದು ಎಂಬುದೂ ಸರಿ. ದೂರದಿಂದ ನೋಡಿ ತೃಪ್ತಿಪಡುವುದೂ ಕಡಲಯಾನದ ಒಂದು ಶಿಸ್ತು.

ಬಯಲುಸೀಮೆಯವರಿಗೆ ಈ ಬಂದರುಗಳ ಗೊಡವೆ ಏಕೆ ಎಂಬ ಪ್ರಶ್ನೆಯೊಂದು ಉಳಿಯಿತು. ಗಿರಣಿಗಳ ಕಾಲದಲ್ಲಿ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದರು. ಅಮೆರಿಕದ ಅಂತರ್ಯುದ್ಧದಿಂದ ಅಸಲು ಮ್ಯಾಂಚೆಸ್ಟರಿಗೆ ಹತ್ತಿಯ ಬರ ಬಂದಾಗ, 1860ರ ದಶಕದಲ್ಲಿ, ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು, ಮುಂಬಯಿಯ ಕಡೆಗೆ ಹಡಗು ಹತ್ತಿದ್ದು ಇದೇ ಕರಾವಳಿಯ ಕುಮಟೆಯ ಬಂದರಿನಲ್ಲಿ.